ಸಂತ ತೊಮಾಸನ ಪಾಲು

ತುಟಿಯ ಹುಣ್ಣು ನಿಜಕ್ಕೂ ಮಾಯವಾಗಿದೆಯೋ, ತನ್ನ ಕಣ್ಣಿಗೆ ಮಾತ್ರ ಹಾಗೆ ಕಾಣುತ್ತಿದೆಯೋ ಎಂಬ ಅನುಮಾನ ಯೆರುತಿಯನ್ನು ಆ ಬೆಳಿಗ್ಗೆಯೂ ಬಿಟ್ಟಿರಲಿಲ್ಲ. ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಕೆಳತುಟಿಯನ್ನು ಎಳೆದು ನೋಡಿದಳು. ಏನೂ ಇಲ್ಲ. ಏನೂ ಇಲ್ಲದೆ ಮೂರು ವಾರವಾಗಿತ್ತು.

"ಮೂತಿ ನೋಡ್ಕೊಂಡಿದ್ದು ಸಾಕು, ಐಸು ಕರಗತ್ತೆ," ಅಜ್ಜಿ ಅಡುಗೆಮನೆಯಿಂದ ಕೂಗಿದಳು. ಪುದೀನ, ನಿಂಬೆಹುಲ್ಲು ಜಜ್ಜಿ ನೀರಿನ ಫ್ಲಾಸ್ಕಿಗೆ ಹಾಕಿದ್ದಳು. "ನಿನ್ನ ಗೆಳತಿಯರಿಗೆ ಹಿಡಿಸತ್ತಾ ಇದು?"

"ಹಿಡಿಸತ್ತೆ ಅಜ್ಜಿ. ಒಂದು ತೊಟ್ಟೂ ಉಳಿಸಲ್ಲ."

ಅದು ಸುಳ್ಳಲ್ಲ.

ಬಿಡುವಿನ ಗಂಟೆ ಹೊಡೆದಾಗ ಶಾಲೆಯ ಮಾವಿನ ಮರದಡಿ ನಾಲ್ವರೂ ದುಂಡಗೆ ಕೂತರು. ತೆರೆರೆ ಎಂಬ ತಣ್ಣನೆಯ ಪಾನೀಯದ ಒಣಸೊಪ್ಪು ತುಂಬಿ, ಹೀರುವ ಕೊಳವೆ ಸಿಕ್ಕಿಸಿದ ಕೊಂಬಿನ ಲೋಟ ಲಾರಿಸಾಳದು. ಯೆರುತಿಯ ಫ್ಲಾಸ್ಕಿನಿಂದ ಅದಕ್ಕೆ ನೀರೆರೆದು ಕೊಡುವವಳೂ ಅವಳೇ. ವಾಡಿಕೆಯಂತೆ ಮೊದಲ ಪಾಲು ಸಂತ ತೊಮಾಸನಿಗೆ; ಆ ನೀರನ್ನು ಯಾರೂ ಕುಡಿಯದೆ ಸೊಪ್ಪಿಗೆ ಇಂಗಲು ಬಿಡಬೇಕು. ಎಲ್ಲರೂ ಸುಮ್ಮನೆ ಕಾದರು. ಕಾಣದ ಸಂತ ತನ್ನ ನೀರನ್ನು ನಿಧಾನವಾಗಿ ಹೀರಿಕೊಂಡ. ಆಮೇಲೆ ಲೋಟ ಯೆರುತಿಯ ಮೊಣಕಾಲುಗಳ ಮೇಲಿಂದ ಹಾದು ದೆಲ್ಮಿಗೆ ಹೋಯಿತು. ಮರಳಿ ಬಂದು, ತುಂಬಿ, ರೊಸಿಯೊಗೆ ಹೋಯಿತು. ಎಲ್ಲರಿಗೂ ಅದೇ ಲೋಟ, ಅದೇ ಕೊಳವೆ.

"ವಾಸಿಯಾಗೋವರ್ಗೂ ನಿಂಗೆ ಬೇಡ ಕಣೆ, ನಮಗೂ ಅಂಟತ್ತೆ," ಎಂದು ಹುಣ್ಣಾದ ದಿನ ಲಾರಿಸಾ ಹೇಳಿದ್ದಳು. ನ್ಯಾಯದ ಮಾತೇ. ಯೆರುತಿಯೂ ತಲೆಯಾಡಿಸಿದ್ದಳು. ಆದರೆ ವಾಸಿಯಾದದ್ದನ್ನು ಯಾರು ಹೇಳಬೇಕು, ಹೇಗೆ ಹೇಳಬೇಕು? ಹೋದ ಸೋಮವಾರ ಧೈರ್ಯ ಮಾಡಿ ಕೈ ಚಾಚಿದ್ದಳು. ಲಾರಿಸಾ ಆ ಕೈಗೆ ಖಾಲಿ ಫ್ಲಾಸ್ಕು ಕೊಟ್ಟು, ನೀರು ತರಲು ಕಳಿಸಿದ್ದಳು.

"ಏನ್ ತಂಪಾಗಿದೆಯೇ ಇವತ್ತು," ದೆಲ್ಮಿ ಕೊಳವೆಯನ್ನು ಸದ್ದು ಬರುವವರೆಗೆ ಹೀರಿ ಅಂದಳು. "ಯೆರುತಿ, ನಿಮ್ಮಜ್ಜಿನ ನಮ್ಮನೆಗೆ ಕಳಿಸೇ. ನೀನು ಬರದಿದ್ರೂ ಪರವಾಗಿಲ್ಲ."

ಎಲ್ಲರೂ ನಕ್ಕರು. ಯೆರುತಿಯೂ ನಕ್ಕಳು. ನಕ್ಕದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂದು ಕಿವಿ ಬಿಸಿಯಾಯಿತು.

ಲೋಟ ಇನ್ನೆರಡು ಸುತ್ತು ಹೋಯಿತು. ಕೊನೆಗೆ ಲಾರಿಸಾ ಉಳಿದ ನೀರನ್ನು ಲೋಟಕ್ಕೆ ಬಗ್ಗಿಸಿ, ಫ್ಲಾಸ್ಕನ್ನು ಅಲ್ಲಾಡಿಸಿ ಯೆರುತಿಯ ಮಡಿಲಿಗಿಟ್ಟಳು. "ಓಡೇ, ಗಂಟೆ ಹೊಡೆಯೋದ್ರೊಳಗೆ ತುಂಬ್ಕೊಂಡು ಬಾ."

ಯೆರುತಿ ಏಳಲಿಲ್ಲ.

"ಹುಣ್ಣು ಹೋಗಿ ಮೂರು ವಾರ ಆಯ್ತು," ಅಂದಳು, ಫ್ಲಾಸ್ಕಿಗೆ ಹೇಳುವಂತೆ.

"ಯಾವ ಹುಣ್ಣು?" ಲಾರಿಸಾ ಕೇಳಿದಳು.

ಅವಳ ಮುಖದಲ್ಲಿ ಕೊಂಕಿರಲಿಲ್ಲ. ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ದಿನಾ ಕನ್ನಡಿಯ ಮುಂದೆ ನಿಂತ ಬೆಳಿಗ್ಗೆಗಳೆಲ್ಲ ಯೆರುತಿಗೆ ಒಮ್ಮೆಲೇ ನೆನಪಾದವು.

"ಸಂತನಿಗೂ ಕೊಡ್ತೀಯ ಲಾರಿಸಾ," ಅಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಒಂದು ತಿಂಗಳಿಂದ ನಂಗೆ ಕೊಟ್ಟಿಲ್ಲ."

ರೊಸಿಯೊಳ ಕಡೆ ಹೊರಟಿದ್ದ ಲೋಟ ನಡುದಾರಿಯಲ್ಲೇ ನಿಂತಿತು. ಫ್ಲಾಸ್ಕಿನ ತಳದಲ್ಲಿ ಐಸಿನ ಚೂರೊಂದು ಮಗ್ಗುಲು ಬದಲಿಸಿತು.