ಹಿತ್ತಿಲ ಗೇಟು

“ಚಟ್ಟ ಇಳಿಸ್ಬ್ಯಾಡಿ, ಅಂಗೇ ನಿಂತ್ಕಳಿ!” ಎಂದು ಊರ ಹಿರಿಯ ಚೆಲುವಯ್ಯ ಕೂಗಿದ. ಕುಳ್ಳಮ್ಮನ ಹೆಣ ಹೊತ್ತ ನಾಲ್ವರೂ ಅವಳ ಮನೆ ಮುಂದೆಯೇ ನಿಂತರು. ಒಳಚರಂಡಿಗೆ ತೋಡಿದ ಗುಂಡಿ ಬೀದಿಯನ್ನೇ ನುಂಗಿತ್ತು. ದಾಟಲು ಇದ್ದದ್ದು ಒಂದು ಹಲಗೆ.

“ಒಬ್ಬೊಬ್ರಾಗಿ ದಾಟ್ಬೋದು ಕಣ್ಲಾ. ಎಗಲು ಕೊಟ್ಕಂಡು ಆಯ್ತದಾ?”

“ಆ ಕಡೆಯಿಂದ ಓಗಾನ.”

“ಅಲ್ಲಿ ಒಸ ಬಡಾವಣೆಯೋರು ಕಾಂಪೌಂಡ್ ಎತ್ತವ್ರೆ. ಉಣಸೂರು ಬೆಳೀತು ಬೆಳೀತು ಅಂತೀರಿ, ಒಂದು ಎಣ ಸಾಗ್ಸಕ್ಕೆ ದಾರಿ ಇಲ್ಲ!”

ಎಲ್ಲರ ಕಣ್ಣು ಪಕ್ಕದ ಮನೆಯ ಬಸವಮ್ಮನ ಕಡೆ ತಿರುಗಿತು. ಅವಳ ಹಿತ್ತಿಲು ಹಾಯ್ದರೆ ಪಿರಿಯಾಪಟ್ಟಣದ ರಸ್ತೆ. ಹಿತ್ತಿಲ ಕೊನೆಯಲ್ಲಿ ಬೀಗ ಜಡಿದ ಗೇಟು.

*

ಕುಳ್ಳಮ್ಮ, ಬಸವಮ್ಮ ಓರಗಿತ್ತಿಯರು. ಹೊಲ ಸೈಟುಗಳಾದಾಗ ಅಕ್ಕಪಕ್ಕ ಮನೆ ಕಟ್ಟಿಕೊಂಡರು. ಆಗ ಗೇಟಿರಲಿಲ್ಲ. ಬಸ್ಸಿಳಿದವರೆಲ್ಲ ಬಸವಮ್ಮನ ಹಿತ್ತಿಲು ತುಳಿದು ಬಂದು ಕುಳ್ಳಮ್ಮನ ಜಗಲಿಯಲ್ಲಿ ಕೂರುತ್ತಿದ್ದರು. ಯಾರ ಮಂಡಿನೋವು, ಯಾರ ಮಗಳ ಬಾಣಂತನ, ಎಲ್ಲ ಕುಳ್ಳಮ್ಮನಿಗೆ ಗೊತ್ತು.

ಒಂದು ದಿನ ಬಸವಮ್ಮನೂ ಮಜ್ಜಿಗೆ ಕಡೆದು ಹಿತ್ತಿಲಲ್ಲಿ ನಿಂತಳು. ಸೊಪ್ಪು ಮಾರುವ ದಾಸಯ್ಯ ನಕ್ಕ. “ದೊಡ್ಡವ್ವನ ಜಗಲೀಲೇ ಕುಡೀತೀನಿ ಬುಡವ್ವ.”

ಆ ವಾರವೇ ಗೇಟು ಬಂತು. ಜನ ಅರ್ಧ ಮೈಲಿ ಬಳಸಿ ಬಂದು ಆ ಜಗಲಿಯಲ್ಲೇ ಕೂತರು. ಹನ್ನೊಂದು ವರ್ಷ ಬಸವಮ್ಮನ ಮನೆ ಕಡೆ ನಾಯಿಯೂ ಸುಳಿಯಲಿಲ್ಲ. ಕುಳ್ಳಮ್ಮ ಮಾತ್ರ ಗೇಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದೇ ಬಸವಮ್ಮನಿಗೆ ಹೆಚ್ಚು ಉರಿಯುತ್ತಿತ್ತು.

*

“ಬೀಗ ತೆಗೀತೀರಾ ಚಿಕ್ಕವ್ವ?” ಬೆಂಕಿಯ ಮಡಕೆ ಹಿಡಿದ ಕುಳ್ಳಮ್ಮನ ಮಗ ಮಹೇಂದ್ರ ಕೇಳಿದ.

ಸತ್ತ ಮೇಲೂ ಇವಳಿಗೆ ನನ್ನ ಹಿತ್ತಿಲೇ ಬೇಕೇ ಎಂದುಕೊಳ್ಳುತ್ತಲೇ ಬಸವಮ್ಮ ತುಕ್ಕು ಹಿಡಿದ ಬೀಗ ತೆಗೆದಳು. ಹೆಣದ ಹಿಂದೆ ಜನವೋ ಜನ. ಬೆಟ್ಟದಪುರದಿಂದ, ಭೇರ್ಯದಿಂದ ಬಂದವರು. ನಾಳೆ ನಾನು ಸತ್ತರೆ? ಬರುವವರನ್ನು ಎಣಿಸಿದರೆ ಒಂದು ಕೈಯ ಬೆರಳೇ ಹೆಚ್ಚಾಯಿತು.

ದಾಸಯ್ಯ ಗೇಟಿನ ಬಳಿ ಒಂದು ಗಳಿಗೆ ನಿಂತ. “ಎಂಗಿದ್ದೀರವ್ವ? ನೋಡಿ ಎಷ್ಟ್ ದಿನ ಆಯ್ತು.”

ಅಷ್ಟೇ ಸಾಕಾಯಿತು. ಅವಳು ಒಳಗೋಡಿ ಗಡಿಗೆ ತುಂಬ ಮಜ್ಜಿಗೆ ಕಡೆದಳು. ಸುಡುಗಾಡಿನಿಂದ ಹಿಂದಿರುಗುವವರು ಕಾಲು ತೊಳೆಯಲು ಎರಡು ಕೊಡ ನೀರು ತಂದು ಗೇಟಿನ ಬಳಿ ಇಟ್ಟು, ಸೆರಗು ಸರಿಪಡಿಸಿಕೊಂಡು ಕಾದು ನಿಂತಳು.

ಹೊತ್ತು ಇಳಿಯಿತು. ಮುಂಬೀದಿಯಿಂದ ಕೂಗು ಕೇಳಿಸಿತು: “ಉಸಾರು ಕಣ್ಲಾ, ಅಲಗೆ ಜಾರ್ತದೆ! ಒಬ್ಬೊಬ್ರೇ ಬನ್ನಿ!”

ಹೆಣ ಹೋದ ದಾರಿಯಲ್ಲಿ ಯಾರೂ ಹಿಂದಿರುಗುವುದಿಲ್ಲ. ಬುದ್ಧಿ ಬಂದಾಗಿನಿಂದ ಗೊತ್ತಿದ್ದದ್ದು ಬಸವಮ್ಮನಿಗೆ ಇವತ್ತೇ ಮರೆತುಹೋಗಿತ್ತು.

ಗೋಡೆಯಾಚೆ ಒಬ್ಬೊಬ್ಬರೇ ಬಂದು ಜಗಲಿಯಲ್ಲಿ ಕೂರುವ ಸದ್ದು. ಬಸವಮ್ಮ ಬಗ್ಗಿ ಒಂದು ಕೊಡ ಎತ್ತಿ, ನೀರನ್ನು ನಿಧಾನವಾಗಿ ತನ್ನ ಕಾಲಿಗೇ ಸುರಿದುಕೊಂಡಳು.