ಮೃತ್ಯುಂಜಯನ ಫ್ರೆಂಚ್ ಪಾಠ

ಚಾಮರಾಜನಗರದಿಂದ ಹೆಣ್ಣು ನೋಡಲು ಬಂದ ಮೃತ್ಯುಂಜಯನಿಗೆ ಹಾಡು, ರಂಗೋಲಿ ಯಾವುದೂ ಬೇಕಿರಲಿಲ್ಲ. ಅಂಕ ಸುಲಭ ಎಂದು ಮೈಸೂರಿನ ಕಾಲೇಜಿನಲ್ಲಿ ಫ್ರೆಂಚ್ ತೆಗೆದುಕೊಂಡಿದ್ದವನು, ಪ್ಯಾರಿಸ್ಸಿಗೆ ತಾನೇ ಶಾನುಭೋಗ ಎಂಬಂತೆ ಗುಂಡ್ಲುಪೇಟೆಯ ಹೆಣ್ಣಿನ ಮನೆಯ ಜಗಲಿಯಲ್ಲಿ ಕೂತಿದ್ದ.

"ಒಂದು ರೂಲ್ ಹೇಳ್ಕೊಡ್ತೀನಿ," ಎಂದು ಹುಡುಗಿ ಗಂಗಾಂಬಿಕೆಯತ್ತ ಕಾಗದ ಸರಿಸಿದ. "ಮುಂದೆ ಎಮ್, ಬಿ, ಪಿ ಇದ್ರೆ ಎನ್ ಬರೀಬಾರ್ದು, ಎಮ್ಮೇ ಬರೀಬೇಕು. ಷಾಂಬ್ರ್ ಅಂದ್ರೆ ರೂಮು. ಜಾಂಬ್ ಅಂದ್ರೆ ಕಾಲು. ಬಿಟ್ಟಿರೋ ಅಕ್ಷರ ತುಂಬಿ."

ಕಂಬಳಿ, ಸಂಪಿಗೆ ಎನ್ನುವಾಗ ತುಟಿ ತಾನೇ ಮುಚ್ಚಿಕೊಂಡು ಎಮ್ಮೇ ಬರುತ್ತದೆ. ಇದಕ್ಕೊಬ್ಬ ಮೇಷ್ಟ್ರು ಬೇರೆ, ಎಂದುಕೊಂಡಳು.

ಬೆಳಿಗ್ಗೆ ಅಪ್ಪ ಹೇಳಿದ್ದರು: "ನಮ್ ಕಡೆಯಿಂದ ಬ್ಯಾಡ ಅನ್ನಕಾಗಲ್ಲ ಕಣಮ್ಮಿ. ಅವರೇ ಬ್ಯಾಡ ಅಂದ್ರೆ ಬುಡು, ಬಿ.ಎ. ಮುಗಿಸ್ಕೊ."

ಗಂಗಾಂಬಿಕೆ ಎಲ್ಲ ಕಡೆಯೂ ಎನ್ ತುಂಬಿದಳು.

ಅವನು ಕರುವಿಗೆ ಹೇಳುವಷ್ಟು ನಿಧಾನವಾಗಿ ಮತ್ತೆ ಹೇಳಿದ. ಮತ್ತೆ ಎನ್. ಇಷ್ಟು ದಡ್ಡಿಯನ್ನು ಯಾರು ಒಪ್ಪುತ್ತಾರೆ ಎಂದು ಅವಳಿಗೆ ಒಳಗೊಳಗೇ ಹಗುರವಾಯಿತು.

"ಬುಡ್ಲಾ ಮಗ," ಎಂದರು ಅವನ ತಾಯಿ ಶಿವರುದ್ರಮ್ಮ. "ಬುದ್ಧಿವಂತೆ ತಂದ್ರೆ ಅತ್ತೆಗೇ ಪಾಠ ಹೇಳ್ತಾಳೆ. ಇದು ಹಸು. ಹೇಳ್ದಂಗೆ ಕೇಳ್ಕಂಡಿರ್ತದೆ. ನಂಗೊಪ್ಪಿಗೆ."

"ನಿಧಾನಕ್ಕೆ ನಾನೇ ಕಲಿಸ್ಕತೀನಿ," ಎಂದ ಮೃತ್ಯುಂಜಯ. ಜನ್ಮಕ್ಕಾಗುವಷ್ಟು ದಡ್ಡ ಶಿಷ್ಯೆ ಸಿಕ್ಕ ಸಂತೋಷ ಅವನ ಮುಖದಲ್ಲಿ ಉಕ್ಕುತ್ತಿತ್ತು.

ಅಪ್ಪ ಎಲೆ ಅಡಿಕೆಯ ತಟ್ಟೆ ತಂದರು. ಗಂಡಿನ ಕಡೆಯವರು ಅದನ್ನು ಕೈಗೆ ತೆಗೆದುಕೊಂಡರೆ ಮಾತು ಮುಗಿದಂತೆ. ಶಿವರುದ್ರಮ್ಮ ಕೈ ಚಾಚಿದರು.

ದಡ್ಡತನಕ್ಕೆ ಈ ಜನ ಹೆದರುತ್ತಾರೆಂದು ನಂಬಿದ್ದಕ್ಕೆ ಗಂಗಾಂಬಿಕೆಗೆ ತನ್ನ ಮೇಲೇ ಹೇಸಿಗೆಯಾಯಿತು. ಕಾಗದ ಎಳೆದುಕೊಂಡು ಎನ್‌ಗಳನ್ನೆಲ್ಲ ಹೊಡೆದುಹಾಕಿ ಸರಸರನೆ ಎಮ್ ಬರೆದಳು.

"ಮೊದಲ್ನೇ ಸಲಕ್ಕೇ ಗೊತ್ತಾಗಿತ್ತು ಕಣಮ್ಮ," ಎಂದಳು ಶಿವರುದ್ರಮ್ಮನಿಗೆ. "ನಿಮ್ಮ ಮಗ ಇನ್ನೂ ಎಷ್ಟು ಸಲ ಹೇಳ್ತಾರೋ ನೋಡನ ಅಂತ ಬೇಕಂತ್ಲೇ ಎನ್ ಬರ್ದೆ."

ಚಾಚಿದ ಕೈ ಸೆರಗಿನೊಳಕ್ಕೆ ಹೋಯಿತು.

"ಏಳ್ಲಾ, ಬಸ್ಸಿಗೊತ್ತಾಯ್ತು."

ಮೃತ್ಯುಂಜಯ ಏಳಲಿಲ್ಲ. ಕಾಗದವನ್ನು ಬೆಳಕಿಗೆ ಹಿಡಿದು ಒಂದೊಂದೇ ಪದ ನೋಡುತ್ತಿದ್ದ.

"ಎಲ್ಲಾ ಕರೆಕ್ಟಾಗಿದೆ ಕಣವ್ವ," ಎಂದ.