ಐದನೇ ಗೂಟ

ಅಂದು ಹತ್ತರಿಂದ ಹನ್ನೊಂದು ಗಂಟೆಯವರೆಗೆ ಭಾಗಮಂಡಲದ ಮೇಲಿನ ಆ ಕಣಿವೆಯಲ್ಲಿ ಯಾರೂ ಅಕ್ಕಿ ಕುಟ್ಟುವಂತಿರಲಿಲ್ಲ, ಇದು ಸರ್ಕಾರದ ವಿಷಯ, ಮನೆಮನೆಗೂ ಹೋಗಿ ಸಾರಿದವನು ಕೂಸಪ್ಪನೇ, ಕುಟ್ಟಬಾರದು, ಓಡಬಾರದು, ದನ ಬಿಡಬಾರದು, ನೆಲದೊಳಗಿನ ಸದ್ದು ಕೇಳುವ ಪೆಟ್ಟಿಗೆ ಬಂದಿದೆ ಮೈಸೂರಿಂದ, ಇರುವೆ ನಡೆದರೂ ಅದಕ್ಕೆ ಗೊತ್ತಾಗುತ್ತದೆ — ಇರುವೆಯನ್ನು ತಾನೇ ಸೇರಿಸಿದ್ದು, ಇರಲಿ — ಪೆಟ್ಟಿಗೆ ಎಂಜಿನಿಯರ್ ಮಲ್ಲಪ್ಪನವರದು, ಸುತ್ತಿಗೆ? ಸುತ್ತಿಗೆ ಕೂಸಪ್ಪನದು, ಕಬ್ಬಿಣದ ತಟ್ಟೆಗೆ ಅವನು ಹೊಡೆದರೆ ತಾನೇ ಸದ್ದು ಒಳಗಿಳಿದು ಪೆಟ್ಟಿಗೆ ಮುಟ್ಟುವುದು, ಮುಟ್ಟುವವರೆಗೆ ಅದು ಎಣಿಸುತ್ತದೆ, ಗಟ್ಟಿ ಬಂಡೆಯಾದರೆ ಬೇಗ, ಪೊಳ್ಳಾದರೆ ತಡ, ಹೊಡೆಯುವ ಜಾಗಕ್ಕೆಲ್ಲ ಗೂಟ ನೆಟ್ಟಿದ್ದರು, ಹೋದ ತಿಂಗಳು ಐದನೇ ಗೂಟದಲ್ಲಿ ಒಂಬತ್ತು ಬಂದಿತ್ತು, ಪೊಳ್ಳು ಅಂದರು, ಕೊಳವೆ ಇಳಿಸಿ ಸಿಮೆಂಟು ಹಾಲು ತುಂಬಿದರು, ತುಂಬಿತೋ ಇಲ್ಲವೋ ಇವತ್ತು ತಿಳಿಯಬೇಕು, ತುಂಬಿದ್ದರೆ ಇದರ ಮೇಲೇ ಹೊಳೆಗೆ ಕಟ್ಟೆ. ತುಂಬಿಲ್ಲ ಸಾರ್, ಎಂದು ಕೂಸಪ್ಪ ನಿನ್ನೆಯೇ ಎಲ್ಲರೆದುರು ಹೇಳಿಬಿಟ್ಟಿದ್ದ, ನಿನಗೆ ಹೇಗೆ ಗೊತ್ತಯ್ಯಾ, ಹಿಮ್ಮಡಿಗೆ ಗೊತ್ತು ಸಾರ್, ಬರಿಗಾಲಲ್ಲಿ ನಿಂತು ಹೊಡೆದರೆ ಬೇರೆ ಗೂಟದಲ್ಲಿ ಏಟು ತಿರುಗಿ ಹಿಮ್ಮಡಿಗೆ ಬರ್ತದೆ, ಐದರಲ್ಲಿ ನೆಲ ನುಂಗಿಬಿಡ್ತದೆ, ಮೇಸ್ತ್ರಿ ಕೆಂಪಣ್ಣ ಹಲ್ಲು ಕಿರಿದ, ಹಂಗಾದ್ರೆ ಪೆಟ್ಟಿಗೆ ಯಾಕೆ ಸಾರ್, ಇವನ ಕಾಲನ್ನೇ ಆಫೀಸಲ್ಲಿ ಇಟ್ಕೊಳ್ಳಿ, ನಗಲಿ, ಕಟ್ಟೆ ಒಡೆದರೆ ಕೊಚ್ಚಿಹೋಗುವುದು ಕೆಂಪಣ್ಣನ ಮನೆಯಲ್ಲ, ಕೆಳಗಿನ ಏಳು ಮನೆ, ಮೊದಲನೆಯದು ಕೂಸಪ್ಪನದು, ಬೇಲಿಯಾಚೆ, ಅಗೋ, ಒಲೆಯ ಹೊಗೆ —

ಹೊಡಿ, ಎಂದರು ಮಲ್ಲಪ್ಪ, ಹೊಡೆದ, ಹಿಮ್ಮಡಿಗೆ ಏನೂ ಬರಲಿಲ್ಲ, ಪೆಟ್ಟಿಗೆಯಲ್ಲಿ ಮೂರು, ಇನ್ನೊಮ್ಮೆ, ಮೂರು, ಭೇಷ್, ಬಂಡೆ ಅಂದ್ರೆ ಬಂಡೆ, ಎಲ್ಲಯ್ಯಾ ನಿನ್ನ ಹಿಮ್ಮಡಿ, ಹೇಗೆ ಮೂರು, ನೆಲ ನುಂಗಿತಲ್ಲ, ಆದರೆ ಅಂಗಾಲಿನ ನಡುವೆ ಏನೋ ಸಣ್ಣಗೆ, ಧಿಂ, ಧಿಂ, ಸುತ್ತಿಗೆಯದಲ್ಲ, ಈ ತಾಳ ಗೊತ್ತು, ಹದಿನೆಂಟು ವರ್ಷದಿಂದ ಗೊತ್ತು, ಅವನ ಕೈಯೂ ತಿಳಿಯದೆ ಅದೇ ತಾಳಕ್ಕೆ ಬೀಳುತ್ತಿದೆ, ಸುತ್ತಿಗೆಯ ಸದ್ದಿಗಿಂತ ಮೊದಲು ಅದೇ ಹೋಗಿ ಪೆಟ್ಟಿಗೆ ಮುಟ್ಟುತ್ತಿದೆ — ಹೆಂಡತಿ ಯಮುನಳ ಒನಕೆ. ಎಂಜಿನಿಯರು ಊಟಕ್ಕೆ ಬರ್ತಾರೆ, ಕಡಂಬುಟ್ಟಿನ ಉಂಡೆ ಆಗಲೇಬೇಕು ಎಂದವನು ಇವನೇ, ಕುಟ್ಟದೆ ಅಕ್ಕಿ ತರಿ ಎಲ್ಲಿಂದ, ಮರ್ಲಾ ನಿಮಗೆ, ಹುಚ್ಚಾ, ಎಂದಿದ್ದಳು, ಅದೆಲ್ಲ ಊರಿನೋರಿಗೆ ಮಾರಾಯ್ತಿ, ನಮಗಲ್ಲ, ಎಂದು ಮೀಸೆ ತಿರುವಿದ್ದ. ಈಗ ಬಾಯಿ ಮುಚ್ಚಿದರೆ ಹಿಮ್ಮಡಿ ಸುಳ್ಳಾಗುತ್ತದೆ, ಬಿಟ್ಟರೆ ಮೀಸೆ ಮಣ್ಣಾಗುತ್ತದೆ, ಮೀಸೆ ತೊಳೆದುಕೊಳ್ಳಬಹುದು, ಸಾರ್, ಅದು ನಮ್ಮನೆ ಒನಕೆ, ಏನು, ಹೆಂಡ್ತಿ ಕುಟ್ತಾ ಇದ್ದಾಳೆ, ನಿಮಗೇ ಸಾರ್, ಊಟಕ್ಕೆ, ಅಯ್ಯಯ್ಯೋ ಸಾರಿದವನ ಮನೇಲೇ, ಕೆಂಪಣ್ಣ ಹೊಟ್ಟೆ ಹಿಡಿದು ಕೂತ, ಕೂರಲಿ, ಕೂಸಪ್ಪ ಬೇಲಿಯ ಕಡೆ ಕೂಗಿದ, ಯಮುನಾ, ನಿಲ್ಸ್, ಅರ್ಧಕ್ಕೆ ನಿಲ್ಸಿದ್ರೆ ಅವ್ರಿಗೆ ನಿಮ್ಮ ಸುತ್ತಿಗೆ ಬಡಿಸ್ಲಾ, ಎಂದಳು ಆಚೆಯಿಂದ, ಆಮೇಲೆ ಒನಕೆ ನಿಂತಿತು, ಕೆಂಪಣ್ಣನೂ ಉಸಿರು ಹಿಡಿದ, ಪೆಟ್ಟಿಗೆ, ಮಲ್ಲಪ್ಪ, ಇಡೀ ಮೈಸೂರು ಸರ್ಕಾರ ತನ್ನ ಎರಡು ಹಿಮ್ಮಡಿಯ ಮೇಲೆ ನಿಂತಿದೆ, ಸುತ್ತಿಗೆ ಎತ್ತಿದ, ಬಿಟ್ಟ, ಹಿಮ್ಮಡಿ, ಬರಿ ಹಿಮ್ಮಡಿ, ಕಾದಿರುವ ಹಿಮ್ಮಡಿ, ಏನೂ ಬಾರದ ಹಿಮ್ಮಡಿ —

ಪೆಟ್ಟಿಗೆಯಲ್ಲಿ ಒಂಬತ್ತು ಬಂತು.